ಅಳತೆ ಪುಸ್ತಕ

ಗೋಡೆ ಇಪ್ಪತ್ತೆರಡು ಅಂಗುಲ. ಬರೆದುಕೋ, ಅಂದೆ.
ಟೇಪಿನ ಆ ತುದಿ ಹಿಡಿದ ರುದ್ರೇಶಿ
"ಈಗ್ಯಾರು ಕಟ್ತಾರೆ ಮೇಡಂ, ಇಷ್ಟು ದಪ್ಪ" ಅಂದ.
ಜಂಬಿಟ್ಟಿಗೆ, ಸುಣ್ಣ, ಬೆಲ್ಲ, ಅಳಲೆಕಾಯಿ ನೀರು.
ಕೆರೆದು ನೋಡಿದರೆ ಸವೆಯುವುದು ಉಗುರೇ.

ಇಲಾಖೆಯ ನಮೂನೆಯಲ್ಲಿ ಹದಿನಾಲ್ಕು ಕಾಲಂ.
ಹೆಸರು: ಸಂತ ಅಗಾಥಾ ಹೆಣ್ಣುಮಕ್ಕಳ ಪ್ರೌಢಶಾಲೆ, ಶಿವಮೊಗ್ಗ.
ವಯಸ್ಸು: ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ ಇದೆ,
ಬಿಷಪ್ಪರ ಹೆಸರಿದೆ, ದೇಣಿಗೆ ಕೊಟ್ಟ ಕಾಫಿ ತೋಟದ ದೊರೆಯದಿದೆ.
ಸುಣ್ಣ ಅರೆದ ಇನ್ನಾಸಪ್ಪನದು ಇಲ್ಲ.
ನನಗದು ಗೊತ್ತಿರುವುದು, ಅವನ ಮೊಮ್ಮಗಳು ಜ್ಞಾನಮ್ಮ
ನನ್ನ ಬೆಂಚಿನವಳಾದ್ದರಿಂದ.
"ನಮ್ಮಜ್ಜ ಕಟ್ಟಿದ್ದು" ಎಂದು ವರಾಂಡದ ಕಂಬ ತಟ್ಟುತ್ತಿದ್ದಳು
ಮನೆಯ ಎಮ್ಮೆಯ ಬೆನ್ನು ತಟ್ಟಿದ ಹಾಗೆ.
ಫೀಸು ತಾರದ ದಿನ ಹೊರಗೆ ನಿಲ್ಲಿಸಿದಾಗ
ಒರಗಿ ನಿಂತದ್ದೂ ಅದೇ ಕಂಬಕ್ಕೆ.

ಮಾಡು ಹತ್ತಿ ಒಂದು ಹೆಂಚು ಮಗುಚಿದೆ.
ಬೆಕ್ಕಿನ ಹೆಜ್ಜೆ, ಮೂರು.
ಕಡಲ ಪಕ್ಕದ ಯಾವುದೋ ಅಂಗಳದಲ್ಲಿ
ಹಸಿ ಹೆಂಚು ಒಣಗುವಾಗ ಅಡ್ಡ ಹಾದ ಬೆಕ್ಕು
ಭಟ್ಟಿಯಲ್ಲಿ ಬೆಂದು, ಎತ್ತಿನ ಗಾಡಿಯಲ್ಲಿ ಆಗುಂಬೆ ಘಾಟಿ ಏರಿ
ಏಳನೇ ತರಗತಿಯ ತಲೆಯ ಮೇಲೆ
ನೂರಾರು ಮಳೆಗಾಲ ನಡೆಯುತ್ತಲೇ ಇದೆ.
ಯಾರಿಗೂ ಅಪಶಕುನವಾಗಲಿಲ್ಲ.
ಆಗಿತ್ತೇನೋ. ಗಣಿತದಲ್ಲಿ ನಾನು ಎರಡು ಸಲ ನಪಾಸು.

ಜ್ವರದ ವರ್ಷ ಬೆಂಚು ಜೋಡಿಸಿ ಮಂಚ ಮಾಡಿದರಂತೆ.
ಸಿಸ್ಟರ್ ಅಪೊಲೀನಾ ಹೇಳಿದ್ದು, ಅವರಿಗೆ ಅವರ ಹಿಂದಿನವರು.
ಐದನೇ ಕೋಣೆಯ ನೆಲದ ಕಂದು ಗುರುತು
ಔಷಧದ್ದೇ ಹೊರತು ಶಾಯಿಯದಲ್ಲ ಎಂದು
ಕೊನೆಯವರೆಗೂ ವಾದಿಸುತ್ತಿದ್ದರು.
ಕಾಲಂ ಒಂಬತ್ತು, ನೆಲ:
ಕಲೆ ಇದೆ, ಎಂದಷ್ಟೇ ಬರೆದೆ.

ಇನ್ನು ಕಿಟಕಿ. ನೆಲದಿಂದ ದಂಡೆಗೆ ಐದಡಿ ಒಂದಂಗುಲ.
ಬೆಳಕು ಬರಲಿ, ಬೀದಿ ಬಾರದಿರಲಿ ಎಂದು
ಯಾರೋ ಪಾದ್ರಿ ಗೆರೆ ಎಳೆದ ಎತ್ತರ.
ಅದರ ಕೆಳಗೆ, ಮೊಣಕಾಲ ಮಟ್ಟದಲ್ಲಿ, ಗಾರೆಯಲ್ಲಿ
ಎರಡು ಕುಳಿ. ಎಡಕ್ಕೊಂದು, ಬಲಕ್ಕೊಂದು ತುಸು ಮೇಲೆ.
"ಇಲಿ ಕೊರೆದಿದ್ದಾ ಮೇಡಂ?"
ಇಲಿಯಲ್ಲ ಮಾರಾಯ.

ಹೆಬ್ಬೆರಳು.
ಮೊದಲು ಬರಿಗಾಲಿನವು, ಆಮೇಲೆ ಕರಿ ಬೂಟಿನವು.
ಒಬ್ಬಳು ಹತ್ತುವುದು, ಇಬ್ಬರು ಸೊಂಟ ಹಿಡಿಯುವುದು,
ಇನ್ನೊಬ್ಬಳು ಬಾಗಿಲಲ್ಲಿ ಜಪಸರದ ಸದ್ದಿಗೆ ಕಿವಿಗೊಟ್ಟು.
ಏನಿತ್ತು ಹೊರಗೆ?
ಜಟಕಾ. ಸೋಡಾ ಗಾಡಿ. ಸ್ವಾತಂತ್ರ್ಯದ ಮೆರವಣಿಗೆ, ಅದೊಂದೇ ದಿನ.
ಮೆಹ್ತಾಬಳ ಅಣ್ಣ ಕೊಂಡ ಹೊಸ ಸೈಕಲ್ಲು.
ನನ್ನ ಸರದಿ ಬಂದಾಗ
ಖಾಲಿ ರಸ್ತೆ, ಮಲಗಿದ್ದ ಒಂದು ಹೋರಿ.
ಆದರೂ ಇಳಿದು ಬಂದು
"ಏನೇನೋ ಇತ್ತು ಕಣೇ" ಅಂದೆ.
ಅವರೂ ಹತ್ತಿದರು, ಇಳಿದರು. ಯಾರೂ
ಹೋರಿಯ ಮಾತೆತ್ತಲಿಲ್ಲ.

ಕುಳಿಯ ಆಳ ಹದಿನೆಂಟು ಮಿಲಿಮೀಟರು.
ಕಾಲಂ ಹನ್ನೊಂದು: ಹಾನಿ.
ಹನ್ನೆರಡು: ಹಾನಿಗೆ ಕಾರಣ.
ರುದ್ರೇಶಿ ಟೇಪು ಸುತ್ತಿಟ್ಟು ನನ್ನ ಪೆನ್ನು ನೋಡುತ್ತಿದ್ದಾನೆ.

ಬರೆದೆ: ಪಶ್ಚಿಮದ ಜಂತಿ ಮೂರಕ್ಕೆ ಗೆದ್ದಲು, ಬದಲಿಸಬೇಕು.
ಗಂಟೆಯ ಕಮಾನಿಗೆ ಆಸರೆ ಬೇಕು.
ದಕ್ಷಿಣದ ಕಿಟಕಿಯ ಕೆಳಗೆ ಗಾರೆ ಬಳಿಯತಕ್ಕದ್ದಲ್ಲ.
ಯಾಕೆಂದು ಬರೆಯಲಿಲ್ಲ. ಮೇಲಿನವರು ಕೇಳಿದರೆ ನೋಡೋಣ.

ರುದ್ರೇಶಿಯನ್ನು ಚಹಾಕ್ಕೆ ಕಳಿಸಿ ಚಪ್ಪಲಿ ಬಿಟ್ಟೆ.
ಎಡಗಾಲು ತಾನಾಗಿ ಕುಳಿಗೆ ಹೋಯಿತು.
ಬಲಗಾಲು ಏಳಲಿಲ್ಲ; ಮಂಡಿ,
ಐವತ್ತೆರಡು ವರ್ಷದ್ದು, ಅದಕ್ಕೆ ಯಾವ ನಮೂನೆಯೂ ಇಲ್ಲ.

ಗಂಟೆ ಹೊಡೆದದ್ದು ಕೇಳಿಸಿರಲಿಲ್ಲ.
ಹಿಂದೆ ಎರಡು ಜಡೆಯ ಹುಡುಗಿ,
ಕೈಯಲ್ಲಿ ಊಟದ ಡಬ್ಬಿ.
ಅತ್ತ ಇತ್ತ ನೋಡಿದಳು, ಡಬ್ಬಿ ಕೆಳಗಿಟ್ಟಳು.
"ಆಂಟಿ, ಹಿಡ್ಕೊಳ್ಳಲಾ?"